ಮಳೆಯಲ್ಲೇ ಯಾರ್ಕ್‌ಶೈರ್: ಪಾಳು ಮಠಗಳಿಗೆ ಕಾರ್ ಪ್ರವಾಸ ಮಾಡೋದು ಹೇಗೆ

ಇಂಗ್ಲೆಂಡಿನಲ್ಲಿ ಮೂರು ದಿನ ರಜ ಸಿಕ್ಕಿದೆ, ಕಾರ್ ಬುಕ್ ಆಗಿದೆ, ಹವಾಮಾನ ನೋಡಿದರೆ ಮೂರೂ ದಿನ ಮಳೆ. ಬಹಳ ಜನ ಅಲ್ಲಿಗೇ ಪ್ಲಾನ್ ಕೈಬಿಟ್ಟು ಶಾಪಿಂಗ್ ಮಾಲ್ ಕಡೆ ತಿರುಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಹಾಳುಬಿದ್ದ ಹಳೆಯ ಮಠಗಳನ್ನು ನೋಡೋಕೆ ಮಳೆಗಿಂತ ಒಳ್ಳೆಯ ಹೊತ್ತು ಇಲ್ಲ ಅಂತಲೇ ನಾನು ಹೇಳುತ್ತೇನೆ. ಯಾಕೆಂದರೆ ಈ ಕಟ್ಟಡಗಳು ಹಾಳಾದ ಕಥೆಯೊಳಗೇ ಮಳೆ ಇದೆ.

ಕಥೆ ಇಷ್ಟು. 1536ರಿಂದ 1540ರ ನಡುವೆ ದೊರೆ ಎಂಟನೇ ಹೆನ್ರಿ ಇಂಗ್ಲೆಂಡಿನ ಕ್ರೈಸ್ತ ಮಠಗಳನ್ನೆಲ್ಲ ಮುಚ್ಚಿಸಿದ. ಭೂಮಿ, ಬೆಳ್ಳಿ, ಗಂಟೆ ಎಲ್ಲ ಖಜಾನೆಯ ಪಾಲಾಯಿತು. ಕಟ್ಟಡದಲ್ಲಿ ಕಿತ್ತು ಮಾರಬಹುದಾದ ದೊಡ್ಡ ಮಾಲು ಅಂದರೆ ಮಾಡಿನ ಮೇಲೆ ಹೊದಿಸಿದ್ದ ಸೀಸದ ತಗಡು. ಅದನ್ನು ಎಳೆದು ಕೆಳಗೆ ಹಾಕಿ, ಅಲ್ಲೇ ಕರಗಿಸಿ, ಗಟ್ಟಿ ಹೊಯ್ದು ಸಾಗಿಸಿದರು. ಮಾಡು ಹೋದ ಮೇಲೆ ಗೋಡೆಯೊಳಕ್ಕೆ ನೀರಿಳಿಯಿತು, ಚಳಿಗಾಲದಲ್ಲಿ ಆ ನೀರು ಹೆಪ್ಪುಗಟ್ಟಿ ಕಲ್ಲು ಬಿರಿಯಿತು, ಉದುರಿದ ಕಲ್ಲನ್ನು ಸುತ್ತಲಿನವರು ಮನೆ ಕಟ್ಟೋಕೆ ಹೊತ್ತುಕೊಂಡು ಹೋದರು. ಮಾಡಿಲ್ಲದ ಆ ಪ್ರಾರ್ಥನಾ ಮಂದಿರದಲ್ಲಿ ನಿಂತು ತಲೆ ಮೇಲೆ ಹನಿ ಬಿದ್ದಾಗ ಇದೆಲ್ಲ ಸುಮ್ನೆ ಓದಿದ ಇತಿಹಾಸ ಅನ್ನಿಸೋದಿಲ್ಲ.

ಇಲ್ಲಿ ಹೇಳೋದು ಉತ್ತರ ಯಾರ್ಕ್‌ಶೈರ್ ಬಗ್ಗೆ. ಫೌಂಟನ್ಸ್, ಬೈಲಂಡ್, ರೀವೋ, ವಿಟ್‌ಬಿ ಅನ್ನೋ ನಾಲ್ಕು ದೊಡ್ಡ ಪಾಳು ಮಠಗಳನ್ನು (ಅಲ್ಲಿನವರು ಆ್ಯಬಿ ಅನ್ನುತ್ತಾರೆ) ಯಾರ್ಕ್ ಊರಿನಿಂದ ಆರಾಮಾಗಿ ಮೂರು ದಿನದಲ್ಲಿ ನೋಡಬಹುದು.

ಮೊದಲು ಆ ಮಳೆ ಎಂಥದ್ದು ಅಂತ ತಿಳಿದುಕೊಳ್ಳಿ

ಆಗುಂಬೆ, ಮಡಿಕೇರಿ ಮಳೆ ಕಂಡವರಿಗೆ ಯಾರ್ಕ್‌ನ ಮಳೆ ಲೆಕ್ಕಕ್ಕೇ ಇಲ್ಲ. ಅಲ್ಲಿ ವರ್ಷಕ್ಕೆ ಬೀಳೋದು ಹೆಚ್ಚುಕಡಿಮೆ 600 ಮಿಲಿಮೀಟರ್. ಅಟ್ಲಾಂಟಿಕ್ ಕಡೆಯಿಂದ ಬರೋ ಮೋಡಗಳು ಮೊದಲು ಪಶ್ಚಿಮದ ಗುಡ್ಡಗಳಿಗೆ ತಾಗಿ ಬಹುಪಾಲು ಅಲ್ಲೇ ಸುರಿದುಬಿಡುತ್ತವೆ. ಲೇಕ್ ಡಿಸ್ಟ್ರಿಕ್ಟ್‌ನ ಸೀತ್‌ವೇಟ್ ಅನ್ನೋ ಹಳ್ಳಿಯಲ್ಲಿ 3000 ಮಿಲಿಮೀಟರಿಗೂ ಜಾಸ್ತಿ ಆಗುತ್ತೆ. ಪೆನೈನ್ ಬೆಟ್ಟಸಾಲು ದಾಟಿ ಪೂರ್ವಕ್ಕೆ ಬಂದರೆ ಉಳಿಯೋದು ಸೋನೆ, ತುಂತುರು, ನಡುನಡುವೆ ಒಂದು ಜೋರು ಮಳೆ. ಮಳೆಗಾಲದಲ್ಲಿ ಘಟ್ಟದ ಮೇಲಿನ ಊರಿಗೂ ಘಟ್ಟ ಇಳಿದು ಪೂರ್ವದ ಬಯಲಿಗೂ ಇರೋ ವ್ಯತ್ಯಾಸ ಇದೆಯಲ್ಲ, ಅದೇ ಲೆಕ್ಕ.

ಕಾಡೋದು ನೀರಿನ ಪ್ರಮಾಣ ಅಲ್ಲ. ಚಳಿ ಮತ್ತು ಗಾಳಿ. ಮೈ ತೊಯ್ದು ಹತ್ತು ಡಿಗ್ರಿ ಚಳಿಯಲ್ಲಿ ಗಾಳಿಗೆ ನಿಂತರೆ ಅರ್ಧ ಗಂಟೆಯಲ್ಲಿ ಮಕ್ಕಳ ತುಟಿ ನಡುಗೋಕೆ ಶುರುವಾಗುತ್ತೆ. ಇನ್ನೊಂದು ವಿಷಯ, ಇಡೀ ದಿನ ಮಳೆ ಅಂತ ತೋರಿಸಿದರೂ ನಡುವೆ ಬಿಡುವು ಸಿಗೋದೇ ಜಾಸ್ತಿ. ಆದ್ದರಿಂದ ದಿನದ ಚಿತ್ರ ನೋಡಿ ತೀರ್ಮಾನ ಮಾಡಬೇಡಿ. ಬ್ರಿಟನ್ನಿನ ಹವಾಮಾನ ಇಲಾಖೆಯಾದ ಮೆಟ್ ಆಫೀಸ್ ಆ್ಯಪ್‌ನಲ್ಲಿ ಗಂಟೆಗಂಟೆಯ ಮುನ್ಸೂಚನೆ, ಮಳೆ ಮೋಡ ಎಲ್ಲಿ ಸಾಗುತ್ತಿದೆ ಅನ್ನೋ ನಕ್ಷೆ ಎರಡೂ ಸಿಗುತ್ತವೆ. ಬೆಳಗ್ಗೆ ತಿಂಡಿ ತಿನ್ನುವಾಗ ಅದನ್ನು ನೋಡಿ, ಆಮೇಲೆ ಯಾವುದು ಮೊದಲು ಯಾವುದು ಆಮೇಲೆ ಅಂತ ನಿರ್ಧರಿಸಿ.

ದಿನಕ್ಕೆ ಎರಡೇ ಜಾಗ

ಇದು ನನ್ನ ಖಡಾಖಂಡಿತ ಸಲಹೆ. ನಮ್ಮವರು ಟ್ರಿಪ್ ಅಂದರೆ ಒಂದೇ ದಿನಕ್ಕೆ ಐದು ಆರು ಜಾಗ ತುರುಕುತ್ತಾರೆ. ಮಳೆಯಲ್ಲಿ ಅದು ನಡೆಯೋದಿಲ್ಲ. ಹಳ್ಳಿ ರಸ್ತೆ ನಿಧಾನ, ಜಾಕೆಟ್ ಹಾಕಿ ತೆಗೆದು ಮಾಡೋದಕ್ಕೇ ಹೊತ್ತು ಬೇಕು, ಜೋರು ಮಳೆ ಬಂದರೆ ಅರ್ಧ ಗಂಟೆ ಎಲ್ಲೋ ಕಾಯಬೇಕು. ಎರಡೇ ಜಾಗ ಇಟ್ಟುಕೊಂಡರೆ ಕಾಯೋದು ಕಷ್ಟ ಅನ್ನಿಸೋದಿಲ್ಲ.

ಬೆಳಕೂ ನೋಡಿಕೊಳ್ಳಿ. ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆ ಆದರೂ ಬೆಳಕಿರುತ್ತೆ, ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಯೊಳಗೇ ಸೂರ್ಯ ಮುಳುಗಿರುತ್ತಾನೆ. ಚಳಿಗಾಲದಲ್ಲಿ ಎಷ್ಟೋ ಸ್ಮಾರಕಗಳು ವಾರದ ದಿನ ತೆರೆಯೋದೇ ಇಲ್ಲ, ಹಾಗಾಗಿ ಹೊರಡುವ ಹಿಂದಿನ ದಿನ ವೆಬ್‌ಸೈಟ್ ನೋಡಿ. ನನ್ನ ಕೇಳಿದರೆ ಏಪ್ರಿಲ್‌ನಿಂದ ಅಕ್ಟೋಬರ್ ಒಳಗೆ ಹೋಗಿ. ಆಗಸ್ಟ್ ಕೊನೆಗೆ ಹೋದರೆ ಗುಡ್ಡದ ತುಂಬ ಹೆದರ್ ಗಿಡ ನೇರಳೆ ಹೂ ಬಿಟ್ಟಿರುತ್ತೆ.

ಟಿಕೆಟ್ ವಿಷಯ. ಫೌಂಟನ್ಸ್ ನೋಡಿಕೊಳ್ಳೋದು ನ್ಯಾಷನಲ್ ಟ್ರಸ್ಟ್. ರೀವೋ, ಬೈಲಂಡ್, ವಿಟ್‌ಬಿ, ಹೆಲ್ಮ್ಸ್‌ಲಿ ಕೋಟೆ ಇವೆಲ್ಲ ಇಂಗ್ಲಿಷ್ ಹೆರಿಟೇಜ್ ಕೈಯಲ್ಲಿವೆ. ಇವು ಬೇರೆ ಬೇರೆ ಸಂಸ್ಥೆಗಳು, ಬೇರೆ ಬೇರೆ ಟಿಕೆಟ್. ಬೈಲಂಡ್‌ಗೆ ಟಿಕೆಟ್ ಇಲ್ಲ. ಭಾರತದಿಂದ ಬಂದ ಅಪ್ಪ ಅಮ್ಮನ ಜೊತೆ ಹೋಗುತ್ತಿದ್ದರೆ ಇಂಗ್ಲಿಷ್ ಹೆರಿಟೇಜ್‌ನವರು ವಿದೇಶಿ ಪ್ರವಾಸಿಗಳಿಗೆ ಕೊಡುವ ಪಾಸ್ ಬಗ್ಗೆ ವಿಚಾರಿಸಿ, ಮೂರು ನಾಲ್ಕು ಜಾಗ ನೋಡೋದಾದರೆ ಲಾಭ ಆಗಬಹುದು.

ಕಾರ್: ಒದ್ದೆ ರಸ್ತೆಗೆ ತಯಾರಿ

ಭಾರತದ ಲೈಸೆನ್ಸ್ ಇದ್ದರೆ ಬ್ರಿಟನ್‌ಗೆ ಬಂದ ಮೇಲೆ 12 ತಿಂಗಳವರೆಗೆ ಕಾರ್ ಓಡಿಸಬಹುದು. ನಮ್ಮ ಹಾಗೇ ಎಡಗಡೆ ಓಡಿಸೋದು, ಆ ಚಿಂತೆ ಇಲ್ಲ. ಆದರೆ ಒಂದು ಎಡವಟ್ಟು ಇದೆ. ನಮ್ಮ ಬಹುತೇಕ ಕಾರುಗಳಲ್ಲಿ ಇಂಡಿಕೇಟರ್ ಕಡ್ಡಿ ಸ್ಟೀರಿಂಗಿನ ಬಲಕ್ಕೆ, ವೈಪರ್ ಎಡಕ್ಕೆ ಇರುತ್ತೆ. ಅಲ್ಲಿ ಸಾಮಾನ್ಯವಾಗಿ ಉಲ್ಟಾ. ಜೋರು ಮಳೆಯಲ್ಲಿ ರೌಂಡ್‌ಅಬೌಟ್ ಹತ್ತಿರ ಬಂದು ಇಂಡಿಕೇಟರ್ ಹಾಕೋಕೆ ಹೋದರೆ ವೈಪರ್ ನಿಂತುಹೋಗಬಹುದು! ಕಾರ್ ತೆಗೆದುಕೊಂಡ ಜಾಗದಲ್ಲೇ ಐದು ನಿಮಿಷ ಕೂತು ವೈಪರ್, ಹೆಡ್‌ಲೈಟ್, ಹಿಂದಿನ ಫಾಗ್ ಲೈಟ್, ಗಾಜಿನ ಮಂಜು ತೆಗೆಯೋ ಬಟನ್ ಇಷ್ಟನ್ನೂ ಕೈಗೆ ರೂಢಿ ಮಾಡಿಕೊಳ್ಳಿ.

ಒದ್ದೆ ಬಟ್ಟೆಯಲ್ಲಿ ನಾಲ್ಕು ಜನ ಕೂತರೆ ಎರಡು ನಿಮಿಷದಲ್ಲಿ ಗಾಜಿಗೆಲ್ಲ ಮಂಜು ಕವಿಯುತ್ತೆ. ಬರೀ ಹೀಟರ್ ಹಾಕಿದರೆ ಸಾಲದು, ಅದರ ಜೊತೆ ಎಸಿಯನ್ನೂ ಆನ್ ಮಾಡಿ. ಎಸಿ ಗಾಳಿಯ ತೇವ ಹೀರುತ್ತೆ, ಗಾಜು ಬೇಗ ತಿಳಿಯಾಗುತ್ತೆ.

ವೇಗದ ಲೆಕ್ಕ ಅಲ್ಲಿ ಮೈಲಿಯಲ್ಲಿ. ಊರೊಳಗೆ ಸಾಮಾನ್ಯವಾಗಿ 30 ಅಥವಾ 20, ಮೋಟಾರ್‌ವೇಯಲ್ಲಿ 70. ಬಿಳಿ ವೃತ್ತದ ಮೇಲೆ ಒಂದು ಕಪ್ಪು ಓರೆ ಗೆರೆ ಇರೋ ಬೋರ್ಡ್ ಕಂಡರೆ ಡಿವೈಡರ್ ಇಲ್ಲದ ರಸ್ತೆಯಲ್ಲಿ ಮಿತಿ 60 ಮೈಲಿ, ಅಂದರೆ ಗಂಟೆಗೆ ಸುಮಾರು 97 ಕಿಲೋಮೀಟರ್. ಎರಡೂ ಕಡೆ ಪೊದೆ ಬೆಳೆದ ಕಿರಿದಾದ ಹಳ್ಳಿ ದಾರಿಗೂ ಇದೇ ಬೋರ್ಡ್ ಇರುತ್ತೆ, ಅಷ್ಟು ವೇಗದಲ್ಲಿ ಹೋಗಿ ಅಂತ ಅದರ ಅರ್ಥ ಅಲ್ಲ. ಮಳೆಯಲ್ಲಿ ಅಂಥ ಕಡೆ 25, 30ಕ್ಕಿಂತ ಜಾಸ್ತಿ ಹೋಗಲೇಬೇಡಿ. ಹಿಂದಿನವರು ಅವಸರ ಮಾಡಿದರೆ ಜಾಗ ಸಿಕ್ಕಲ್ಲಿ ಪಕ್ಕಕ್ಕೆ ತೆಗೆದು ಅವರನ್ನು ಬಿಡಿ.

ಮುಂದಿನ ಗಾಡಿಗೂ ನಿಮಗೂ ಒಣ ರಸ್ತೆಯಲ್ಲಿ ಎರಡು ಸೆಕೆಂಡ್ ಅಂತರ ಇರಬೇಕು, ಒದ್ದೆ ರಸ್ತೆಯಲ್ಲಿ ಕನಿಷ್ಠ ನಾಲ್ಕು. ನೀರಿನ ಮೇಲೆ ಟೈರ್ ತೇಲಿದ ಹಾಗೆ ಸ್ಟೀರಿಂಗ್ ಹಗುರ ಆದರೆ ಬ್ರೇಕ್ ಒತ್ತಬೇಡಿ, ಆಕ್ಸಿಲರೇಟರ್‌ನಿಂದ ಮೆಲ್ಲಗೆ ಕಾಲು ತೆಗೆಯಿರಿ. ನೋಟ 100 ಮೀಟರಿಗಿಂತ ಕಡಿಮೆಯಾದಾಗ ಮಾತ್ರ ಹಿಂದಿನ ಫಾಗ್ ಲೈಟ್, ತಿಳಿಯಾದ ತಕ್ಷಣ ಆರಿಸಿ.

ಯಾರ್ಕ್‌ಶೈರ್ ಹಳ್ಳಿಗಳಲ್ಲಿ ತೊರೆಯೇ ರಸ್ತೆಯ ಮೇಲೆ ಹರಿಯೋ ಜಾಗಗಳಿವೆ, ಫೋರ್ಡ್ ಅಂತ ಬೋರ್ಡ್ ಇರುತ್ತೆ. ಒಣ ದಿನದಲ್ಲಿ ಮಕ್ಕಳಿಗೆ ಅದು ಖುಷಿ. ಮಳೆ ಬಿದ್ದ ದಿನ ಮಾತ್ರ ಆ ದಾರಿ ಬಿಟ್ಟು ಸುತ್ತಿ ಹೋಗಿ. ಮೊಣಕಾಲು ಮುಟ್ಟದ ನೀರೂ ಹರಿಯುತ್ತಿದ್ದರೆ ಕಾರನ್ನು ತಳ್ಳಿಬಿಡುತ್ತೆ. ಗೂಗಲ್ ಮ್ಯಾಪ್ ಹತ್ತಿರದ ದಾರಿ ಅಂತ ಅಲ್ಲಿಗೇ ಕಳಿಸಬಹುದು, ಕೇಳಬೇಡಿ. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಕೈಕೊಡುತ್ತೆ, ರೂಮ್ ಬಿಡುವ ಮೊದಲೇ ಆ ಪ್ರದೇಶದ ನಕ್ಷೆ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಮೆಟ್ ಆಫೀಸ್ ಎಚ್ಚರಿಕೆಗೆ ಮೂರು ಬಣ್ಣ: ಹಳದಿ, ಆಂಬರ್ (ಕಿತ್ತಳೆ ಬಣ್ಣ), ಕೆಂಪು. ಹಳದಿ ಇದ್ದರೆ ನದಿ ದಂಡೆಯ ದಾರಿ ಬಿಟ್ಟು ದೊಡ್ಡ ರಸ್ತೆಯಲ್ಲೇ ಹೋಗಿಬನ್ನಿ. ಆಂಬರ್ ಅಥವಾ ಕೆಂಪು ಬಂದರೆ ಆ ದಿನ ಯಾರ್ಕ್‌ನಲ್ಲೇ ಉಳಿಯಿರಿ.

ಮೈಮೇಲೆ ಏನಿರಬೇಕು

ಕೊಡೆ ಬೇಡ. ಗುಡ್ಡದ ಗಾಳಿಗೆ ಅದು ಮಗುಚಿಕೊಳ್ಳುತ್ತೆ. ಜೀನ್ಸ್ ಕೂಡ ಬೇಡ, ಒಮ್ಮೆ ನೆನೆದರೆ ಸಂಜೆತನಕ ಆರೋದಿಲ್ಲ, ಕಾಲಿಗೆ ಅಂಟಿಕೊಂಡು ಚಳಿ ಹಿಡಿಸುತ್ತೆ. ಬೇಗ ಒಣಗುವ ಟ್ರ್ಯಾಕ್ ಪ್ಯಾಂಟ್ ಹಾಕಿ, ಮೇಲೆ ಟೋಪಿ ಇರೋ ಜಾಕೆಟ್. ಜಾಕೆಟ್ ಕೊಳ್ಳುವಾಗ ಚೀಟಿಯಲ್ಲಿ ವಾಟರ್‌ಪ್ರೂಫ್ ಅಂತಲೇ ಇರಬೇಕು. ಶವರ್‌ಪ್ರೂಫ್ ಅಂತಿದ್ದರೆ ಅದು ತುಂತುರಿಗಷ್ಟೇ. ಶೂ ಹಿಡಿತ ಗಟ್ಟಿ ಇರಬೇಕು, ಪಾಚಿ ಹಿಡಿದ ಕಲ್ಲು ಮೆಟ್ಟಿಲು ಮಳೆಯಲ್ಲಿ ಸಾಬೂನಿನಂತೆ ಜಾರುತ್ತೆ. ಕಾರಿನಲ್ಲಿ ಎರಡು ಟವೆಲ್, ಪ್ರತಿಯೊಬ್ಬರಿಗೂ ಒಣ ಸಾಕ್ಸ್, ಒದ್ದೆ ಬಟ್ಟೆಗೆ ದೊಡ್ಡ ಪ್ಲಾಸ್ಟಿಕ್ ಚೀಲ ಇಡಿ. ರಾತ್ರಿ ಶೂ ಒಳಗೆ ಹಳೆ ಪೇಪರ್ ಉಂಡೆ ಮಾಡಿ ತುರುಕಿದರೆ ಬೆಳಗ್ಗೆ ಹೊತ್ತಿಗೆ ಹಾಕಿಕೊಳ್ಳೋ ಹಾಗೆ ಆಗಿರುತ್ತೆ.

ಮೊದಲ ದಿನ: ಫೌಂಟನ್ಸ್ ಆ್ಯಬಿ

ಮೂರರಲ್ಲಿ ಹೆಚ್ಚು ಮಳೆ ತೋರಿಸೋ ದಿನವನ್ನು ಇದಕ್ಕೇ ಇಡಿ. ಇಲ್ಲಿ ಉಳಿದವುಗಳಿಗಿಂತ ಜಾಸ್ತಿ ಆಸರೆ ಸಿಗುತ್ತೆ. ಯಾರ್ಕ್‌ನಿಂದ ರಿಪನ್ ಕಡೆಗೆ ಸುಮಾರು ಒಂದು ಗಂಟೆ ದಾರಿ.

1132ರಲ್ಲಿ ಯಾರ್ಕ್‌ನ ಸೇಂಟ್ ಮೇರಿ ಮಠದ ಸುಖದ ಬದುಕು ಬೇಡವೆಂದು 13 ಸನ್ಯಾಸಿಗಳು ಹೊರಬಂದರು. ಆರ್ಚ್‌ಬಿಷಪ್ ಅವರಿಗೆ ಸ್ಕೆಲ್ ನದಿಯ ಈ ಕಣಿವೆ ಕೊಟ್ಟ. ಆಗ ಇಲ್ಲಿ ಬಂಡೆ, ಮುಳ್ಳು, ಮರ ಬಿಟ್ಟರೆ ಬೇರೇನಿರಲಿಲ್ಲ. ಮೊದಲ ಚಳಿಗಾಲ ಕಳೆದದ್ದು ಬಂಡೆ ಮತ್ತು ಮರಗಳ ಕೆಳಗೆ. ಮುಂದೆ ಸಿಸ್ಟರ್ಸಿಯನ್ ಪಂಥ ಸೇರಿ, ಕುರಿ ಸಾಕಿ, ಉಣ್ಣೆ ಮಾರಿ ಇಂಗ್ಲೆಂಡಿನ ಅತಿ ಶ್ರೀಮಂತ ಮಠಗಳಲ್ಲಿ ಒಂದಾಯಿತು. 1539ರಲ್ಲಿ ಮುಚ್ಚಿತು. 1986ರಲ್ಲಿ ಪಕ್ಕದ ಸ್ಟಡ್ಲಿ ರಾಯಲ್ ಉದ್ಯಾನದ ಜೊತೆ ಸೇರಿ ವಿಶ್ವ ಪರಂಪರೆ ತಾಣವಾಯಿತು.

ಮಳೆ ಜೋರಾಗಿದ್ದರೆ ನೇರ ಸೆಲೇರಿಯಂ ಒಳಗೆ ಹೋಗಿ. ದಾಸ್ತಾನು ಇಡುತ್ತಿದ್ದ, ಮಠದ ದುಡಿಮೆ ನೋಡಿಕೊಳ್ಳುತ್ತಿದ್ದ ಕೆಲಸದ ಸೋದರರು ಊಟ ಮಾಡುತ್ತಿದ್ದ ಉದ್ದನೆಯ ಹಜಾರ ಇದು, ಸುಮಾರು 90 ಮೀಟರ್. ಕಲ್ಲಿನ ಕಮಾನುಗಳು ಇವತ್ತಿಗೂ ಗಟ್ಟಿಯಾಗಿ ನಿಂತಿವೆ. ನಡುವಿನ ಕಂಬಗಳನ್ನು ಗಮನಿಸಿ ನೋಡಿ, ಕಂಬದ ತಲೆಗೆ ಬೋದಿಗೆ ಅನ್ನೋದೇ ಇಲ್ಲ, ಕಂಬವೇ ಬಿರಿದು ಕಮಾನಿನ ಪಟ್ಟಿಗಳಾಗಿ ಮೇಲಕ್ಕೆ ಹರಡಿಕೊಂಡಿದೆ. ಒಳಗೆ ನಿಂತರೆ ಮಳೆಯ ಸದ್ದು ಎರಡೂ ತುದಿಯಿಂದ ಕೇಳುತ್ತೆ. ಬೆಳಕು ಕಡಿಮೆ, ಫೋಟೋಗೆ ಫ್ಲಾಶ್ ಬೇಡ, ಮೊಬೈಲನ್ನು ಕಂಬಕ್ಕೆ ಒರಗಿಸಿ ತೆಗೆಯಿರಿ.

ಆಮೇಲೆ ವಾರ್ಮಿಂಗ್ ಹೌಸ್ ಹುಡುಕಿ. ಇಷ್ಟು ದೊಡ್ಡ ಮಠದಲ್ಲಿ ಅಡುಗೆಮನೆ ಮತ್ತು ರೋಗಿಗಳ ಕೋಣೆ ಬಿಟ್ಟರೆ ಬೆಂಕಿ ಕಾಯಿಸಿಕೊಳ್ಳೋಕೆ ಅಂತ ಇದ್ದದ್ದು ಇದೊಂದೇ. ಒಬ್ಬ ಮನುಷ್ಯ ನೆಟ್ಟಗೆ ನಿಲ್ಲುವಷ್ಟು ದೊಡ್ಡ ಒಲೆ ಗೂಡು ಇನ್ನೂ ಇದೆ. ನಡುರಾತ್ರಿ ಎದ್ದು ಬರಿಗಲ್ಲಿನ ಮೇಲೆ ನಿಂತು ಪ್ರಾರ್ಥನೆ ಮಾಡುತ್ತಿದ್ದವರು ಇಲ್ಲಿಗೆ ಬಂದು ಕೈ ಚಾಚುತ್ತಿದ್ದರು. ಬಿಸಿಲಿನ ದಿನ ಬಂದವರು ಒಲೆ ನೋಡಿ ಮುಂದೆ ಹೋಗುತ್ತಾರೆ. ಒದ್ದೆ ಕೈಯಲ್ಲಿ ಬಂದ ನೀವು ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೀರಿ.

ಮಳೆ ಬಿಟ್ಟ ಹೊತ್ತಿಗೆ ಮಾಡಿಲ್ಲದ ಮಂದಿರಕ್ಕೆ, ಮಠದ ಮುಖ್ಯಸ್ಥ (ಅಬ್ಬಟ್) ಹ್ಯೂಬಿ ಕಟ್ಟಿಸಿದ ಎತ್ತರದ ಗೋಪುರದ ಬುಡಕ್ಕೆ ಹೋಗಿ. ನೆನೆದ ಮರಳುಗಲ್ಲಿನ ಬಣ್ಣ ಗಾಢವಾಗಿ ಉಳಿಯ ಗೆರೆಗಳು ಎದ್ದು ಕಾಣುತ್ತವೆ. ಸ್ಕೆಲ್ ನದಿ ಕಟ್ಟಡದ ಅಡಿಯಲ್ಲೇ ಹರಿಯುತ್ತೆ, 2007ರಲ್ಲಿ ಉಕ್ಕಿ ಇಡೀ ಆವರಣಕ್ಕೆ ನುಗ್ಗಿತ್ತು. ಹಾಗಾಗಿ ನದಿ ಪಕ್ಕದ ದಾರಿ ಮುಚ್ಚಿದ್ದರೆ ಸಿಬ್ಬಂದಿ ಹೇಳಿದ ಹಾಗೆ ಮೇಲಿನ ದಾರಿ ಹಿಡಿಯಿರಿ.

ಎರಡನೇ ದಿನ: ಬೈಲಂಡ್ ಮತ್ತು ರೀವೋ

ಯಾರ್ಕ್‌ನಿಂದ ಎ19 ರಸ್ತೆ, ಅಲ್ಲಿಂದ ಕಾಕ್ಸ್‌ವೋಲ್ಡ್ ಹಳ್ಳಿ ದಾಟಿ ಬೈಲಂಡ್. ಸನ್ಯಾಸಿಗಳು ಹಲವು ಕಡೆ ಜಾಗ ಬದಲಿಸಿ 1177ರಲ್ಲಿ ಇಲ್ಲಿ ನೆಲೆ ನಿಂತರು. ದೂರದಿಂದಲೇ ಪಶ್ಚಿಮದ ಗೋಡೆ ಕಾಣುತ್ತೆ, ಅದರ ನೆತ್ತಿಯಲ್ಲಿದ್ದ ದುಂಡು ಕಿಟಕಿಯ ಕೆಳಗಿನ ಅರ್ಧ ಮಾತ್ರ ಉಳಿದಿದೆ. ಎಲ್ಲರೂ ಅದರ ಫೋಟೋ ತೆಗೆದು ಹೊರಟುಬಿಡುತ್ತಾರೆ. ನೀವು ನೆಲ ನೋಡಿ. ಶಿಲುಬೆ ಆಕಾರದ ಮಂದಿರದ ದಕ್ಷಿಣದ ತೋಳಿನಲ್ಲಿ ಹಸಿರು ಮತ್ತು ಹಳದಿ ಮೆರುಗಿನ ಹೆಂಚುಬಿಲ್ಲೆಗಳನ್ನು ವೃತ್ತ, ಚೌಕ, ತ್ರಿಕೋನವಾಗಿ ಕೂಡಿಸಿದ ಮಧ್ಯಯುಗದ ನೆಲಹಾಸು ಇದೆ. ಒಣಗಿದಾಗ ಮಸುಕು. ಮಳೆ ನೀರು ಹರಿದರೆ ಹಸಿರು ಹಸಿರಾಗಿ, ಹಳದಿ ಹಳದಿಯಾಗಿ ಎದ್ದುಬರುತ್ತೆ. ಇದೊಂದಕ್ಕೇ ಮಳೆಯಲ್ಲಿ ಬೈಲಂಡ್‌ಗೆ ಹೋಗಬಹುದು! ಅದರ ಮೇಲೆ ಕಾಲಿಡಬೇಡಿ. ಚಳಿಗಾಲದಲ್ಲಿ ಹಿಮದಿಂದ ಕಾಪಾಡೋಕೆ ಮುಚ್ಚಿರಲೂಬಹುದು.

ಇಲ್ಲಿಂದ ವಾಸ್ ಹಳ್ಳಿಯ ಏರು ಹತ್ತಿ ಎ170ಕ್ಕೆ ಸೇರಿ. ಏರು ಕಡಿದು, ಎಲೆ ಬಿದ್ದಿದ್ದರೆ ಜಾರುತ್ತೆ, ಕಡಿಮೆ ಗೇರಿನಲ್ಲಿ ಹೋಗಿ. ಥರ್ಸ್ಕ್ ಕಡೆಯಿಂದ ಬರೋರಿಗೆ ಸಿಗೋ ಸಟನ್ ಬ್ಯಾಂಕ್ ಇನ್ನೂ ಕಡಿದು, ನಾಲ್ಕು ಅಡಿ ಹೋದರೆ ಒಂದು ಅಡಿ ಏರುತ್ತೆ. ಅದಕ್ಕೇ ಅಲ್ಲಿ ಕಾರಿನ ಹಿಂದೆ ಕಟ್ಟಿ ಎಳೆಯೋ ಕಾರವಾನ್‌ಗಳಿಗೆ ಪ್ರವೇಶ ಇಲ್ಲ. ರೀವೋಗೆ ಅಡ್ಡದಾರಿ ಹಿಡಿಯದೆ ಹೆಲ್ಮ್ಸ್‌ಲಿ ಊರಿಗೆ ಬಂದು ಬಿ1257 ಹಿಡಿದು ಇಳಿಯೋದು ವಾಸಿ.

ರೀವೋ ಕೂಡ 1132ರದ್ದೇ, ಫ್ರಾನ್ಸಿನ ಕ್ಲೇರ್ವೋ ಮಠದಿಂದ ಬಂದವರು ಕಟ್ಟಿದ್ದು. ಕಣಿವೆ ಎಷ್ಟು ಇಕ್ಕಟ್ಟು ಅಂದರೆ ಪೂರ್ವ-ಪಶ್ಚಿಮವಾಗಿ ಇರಬೇಕಾದ ಮಂದಿರವನ್ನು ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ಕಟ್ಟಿದ್ದಾರೆ. 1147ರಿಂದ 1167ರವರೆಗೆ ಇಲ್ಲಿ ಮುಖ್ಯಸ್ಥನಾಗಿದ್ದವ ಏಲ್ರೆಡ್. ಅವನ ಕಾಲಕ್ಕೆ 140 ಸನ್ಯಾಸಿಗಳೂ 500 ಕೆಲಸದ ಸೋದರರೂ ಇದ್ದರು ಅಂತ ಅವನ ಶಿಷ್ಯನೇ ಬರೆದಿಟ್ಟಿದ್ದಾನೆ. ಮಳೆ ಬಂದರೆ ಇಲ್ಲಿನ ಪುಟ್ಟ ಮ್ಯೂಸಿಯಂ ಒಳಗೆ ಹೋಗಿ. ಮೊದಲು ಹೇಳಿದೆನಲ್ಲ, ಸೀಸದ ಕಥೆ? 1920ರ ದಶಕದಲ್ಲಿ ಕಲ್ಲುರಾಶಿ ತೆಗೆಯುವಾಗ ಹೆನ್ರಿಯ ಆಳುಗಳು ಕರಗಿಸಿ ಹೊಯ್ದಿದ್ದ ಸೀಸದ ಗಟ್ಟಿಗಳು ಅಡಿಯಲ್ಲೇ ಸಿಕ್ಕವು, ಸಾಗಿಸೋಕೆ ಮುಂಚೆ ಅದರ ಮೇಲೆ ಗೋಡೆ ಬಿದ್ದಿತ್ತು. ಆ ಸೀಸ ಯಾರ್ಕ್ ಊರಿನ ದೊಡ್ಡ ಚರ್ಚ್ ಆದ ಯಾರ್ಕ್ ಮಿನ್ಸ್ಟರ್‌ನ ಫೈವ್ ಸಿಸ್ಟರ್ಸ್ ಕಿಟಕಿಯ ಗಾಜು ಕೂಡಿಸೋಕೆ ಬಳಕೆಯಾಯಿತು. ಯಾರ್ಕ್‌ಗೆ ವಾಪಸ್ ಬಂದ ಮೇಲೆ ಆ ಕಿಟಕಿಯನ್ನು ನೋಡದೆ ಇರಬೇಡಿ.

ಮಳೆ ಪೂರ್ತಿ ನಿಂತು ಕಾಲಿಗೆ ಉತ್ಸಾಹ ಇದ್ದರೆ ಹೆಲ್ಮ್ಸ್‌ಲಿಯಿಂದ ರೀವೋ ಕಡೆಗೆ ಕ್ಲೀವ್‌ಲೆಂಡ್ ವೇ ಅನ್ನೋ ಕಾಲುದಾರಿ ಇದೆ, ಹೊಲ ಮತ್ತು ಕಾಡಿನ ನಡುವೆ, ಒಂದು ಕಡೆಗೆ ಮೂರೂವರೆ ಮೈಲಿ. ಹಳದಿ ಬಾಣ ಅಂದರೆ ನಡೆಯೋರ ದಾರಿ, ನೀಲಿ ಅಂದರೆ ಕುದುರೆ, ಸೈಕಲ್‌ಗೂ ಬಿಟ್ಟದ್ದು. ಖಾಸಗಿ ಹೊಲದ ಮೇಲೆ ಹೋದರೂ ಆ ದಾರಿಯಲ್ಲಿ ನಡೆಯೋ ಹಕ್ಕು ನಿಮಗಿದೆ, ಬದಲಿಗೆ ಗೇಟ್ ಹೇಗಿತ್ತೋ ಹಾಗೇ ಬಿಟ್ಟು ಹೋಗಬೇಕು. ಕರು ಜೊತೆಗಿರೋ ಹಸುಗಳಿಂದ ದೂರ ಇರಿ. ಕಾಗದದ ನಕ್ಷೆ ಬೇಕಿದ್ದರೆ ಬ್ರಿಟನ್ನಿನ ನಕ್ಷೆ ಸಂಸ್ಥೆ ಆರ್ಡ್‌ನನ್ಸ್ ಸರ್ವೆಯ ಓಎಲ್26 ಕೊಳ್ಳಿ.

ಮೂರನೇ ದಿನ: ಮೂರ್ಸ್ ದಾಟಿ ವಿಟ್‌ಬಿ

ಮೊದಲು ಪಿಕರಿಂಗ್ ಊರು (ಹೆಲ್ಮ್ಸ್‌ಲಿ ಕಡೆಯಿಂದಾದರೆ ಎ170ರಲ್ಲಿ), ಅಲ್ಲಿಂದ ಎ169ರಲ್ಲಿ ಉತ್ತರಕ್ಕೆ. ಮೂರ್ಸ್ ಅಂದರೆ ಇದೇ ಮರವಿಲ್ಲದ ಬೋಳುಗುಡ್ಡ, ಮೇಲೆ ಮಂಜು. ಬೇಲಿ ಇಲ್ಲದ ಕಡೆ ಕುರಿಗಳು ರಸ್ತೆ ಮೇಲೇ ಮಲಗಿರುತ್ತವೆ, ತಾಯಿ ಒಂದು ಕಡೆ ಮರಿ ಇನ್ನೊಂದು ಕಡೆ ಇದ್ದರೆ ಮರಿ ಓಡಿಬಂದೇ ಬರುತ್ತೆ, ನಿಲ್ಲಿಸಿ. ದಾರಿಯಲ್ಲಿ ಹೋಲ್ ಆಫ್ ಹಾರ್ಕಮ್ ಅನ್ನೋ ದೊಡ್ಡ ಬಟ್ಟಲಿನಂಥ ಕಣಿವೆ ಸಿಗುತ್ತೆ. ಬುಗ್ಗೆ ನೀರು ಸಾವಿರಾರು ವರ್ಷ ಬುಡ ಕೊರೆದು ಆದದ್ದು. ಮಂಜು ಮುಚ್ಚಿದ್ದರೆ ಹತ್ತು ನಿಮಿಷ ಕಾಯಿರಿ, ಗಾಳಿಗೆ ತೆರೆದುಕೊಳ್ಳಬಹುದು.

ವಿಟ್‌ಬಿ ಮಠವನ್ನು ಹಿಲ್ಡ್ ಎಂಬ ಸನ್ಯಾಸಿನಿ 657ರಲ್ಲಿ ಶುರುಮಾಡಿದಳು. ಈಸ್ಟರ್ ಹಬ್ಬ ಯಾವ ದಿನ ಅನ್ನೋ ಜಗಳ 664ರಲ್ಲಿ ಇಲ್ಲೇ ತೀರ್ಮಾನವಾದದ್ದು. ಈಗ ಕಾಣುವ ಗೋಡೆಗಳು ಬಹುತೇಕ 13ನೇ ಶತಮಾನದವು. ನಡುಗೋಪುರ 1830ರಲ್ಲಿ ಕುಸಿಯಿತು, 1914ರ ಡಿಸೆಂಬರ್‌ನಲ್ಲಿ ಜರ್ಮನ್ ಹಡಗುಗಳು ಹಾರಿಸಿದ ಗುಂಡು ಪಶ್ಚಿಮದ ಗೋಡೆಗೆ ಬಿತ್ತು. ಬಂದರಿನಿಂದ ಮೇಲಕ್ಕೆ 199 ಮೆಟ್ಟಿಲು. ಒದ್ದೆಯಲ್ಲಿ ವಯಸ್ಸಾದವರನ್ನು ಹತ್ತಿಸಬೇಡಿ, ಮಠದ ಪಕ್ಕದಲ್ಲೇ ಪಾರ್ಕಿಂಗ್ ಇದೆ. ಸಮುದ್ರದ ಗಾಳಿ ಇಲ್ಲಿ ವಿಪರೀತ, ಗೋಡೆಯ ಒಳಬದಿಗೆ ನಿಂತು ನೋಡಿ.

ಊಟದ ಮಾತು

ಹಳ್ಳಿ ಪಬ್‌ಗಳ ಅಡುಗೆಮನೆ ಮಧ್ಯಾಹ್ನ ಎರಡು, ಎರಡೂವರೆಗೆ ಮುಚ್ಚಿಬಿಡುವುದುಂಟು. ಚಿತ್ರಾನ್ನ ಅಥವಾ ಚಪಾತಿ-ಚಟ್ನಿಪುಡಿ ಡಬ್ಬಿ ಮತ್ತು ಒಂದು ಫ್ಲಾಸ್ಕ್ ಬಿಸಿ ಕಾಫಿ ಕಾರಿನಲ್ಲಿರಲಿ. ಶುದ್ಧ ಸಸ್ಯಾಹಾರಿಗಳಿಗೆ ಸುಲಭ ಸಿಗೋದು ಬೀನ್ಸ್ ಹಾಕಿದ ಬೇಯಿಸಿದ ಆಲೂಗಡ್ಡೆ. ಸೂಪ್ ತೆಗೆದುಕೊಂಡರೆ ಯಾವ ಸ್ಟಾಕ್ (ಮಾಂಸ ಇಲ್ಲವೇ ತರಕಾರಿ ಬೇಯಿಸಿದ ಸಾರು) ಹಾಕಿದ್ದಾರೆ ಅಂತ ಕೇಳಿ. ಯಾರ್ಕ್‌ಶೈರ್ ಪುಡ್ಡಿಂಗ್‌ನಲ್ಲಿ ಮೊಟ್ಟೆ ಇರುತ್ತೆ. ವಿಟ್‌ಬಿಯಲ್ಲಿ ಬಿಸಿ ಚಿಪ್ಸ್ ವಾಸನೆ ಎಲ್ಲರನ್ನೂ ಎಳೆಯುತ್ತೆ, ಆದರೆ ಯಾರ್ಕ್‌ಶೈರ್‌ನ ಎಷ್ಟೋ ಅಂಗಡಿಗಳಲ್ಲಿ ಅದನ್ನು ಕರಿಯೋದು ದನದ ಕೊಬ್ಬಿನಲ್ಲಿ. ಆರ್ಡರ್ ಮಾಡೋಕೆ ಮುಂಚೆ ಯಾವುದರಲ್ಲಿ ಕರಿಯುತ್ತೀರಿ ಅಂತ ಕೇಳಿ. ಅವರು ಬೇಜಾರು ಮಾಡಿಕೊಳ್ಳೋದಿಲ್ಲ, ಸಸ್ಯದ ಎಣ್ಣೆ ಬಳಸೋ ಅಂಗಡಿ ಹತ್ತಿರದಲ್ಲಿದ್ದರೆ ಅವರೇ ತೋರಿಸಬಹುದು.